ಸೋಮವಾರದ ನೊಗ

ಜೂನ್ ತಿಂಗಳ ಮೊದಲ ಸೋಮವಾರ, ಬೆಳಗಿನ ಆರು ಗಂಟೆ. ಸ್ಥಳ, ಅಳ್ನಾವರ ದಾಟಿ ಲೋಂಡಾ ಕಡೆಗೆ ಹೋಗುವ ಹಳಿಯ ಒಂದು ತಿರುವು. ಹಾಜರಿದ್ದವರು: ಆ ಭಾಗದ ಹಳಿಯ ಇನ್ಸ್‌ಪೆಕ್ಟರನಾಗಿದ್ದ ನಾನು, ನನ್ನ ಕೈಕೆಳಗಿನ ಗ್ಯಾಂಗಿನ ಮುಕಾದಮ, ಅವನ ಆಳುಗಳು, ಮತ್ತು ದೇಗಾಂವ, ದೊಡವಾಡಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದ ರೈತರು. ಎತ್ತುಗಳೂ ಹಾಜರಿದ್ದವು. ಆದರೆ ಆ ದಿನ ಅವು ಕೆಲಸ ಮಾಡುವಂತಿರಲಿಲ್ಲ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬೈಲಹೊಂಗಲ ಪೇಟೆಗೆ ಸೋಮವಾರ ಹತ್ತಿಯ ಚಕ್ಕಡಿ ಬರುವುದಿಲ್ಲ, ಹೊಲದಲ್ಲಿ ನೇಗಿಲು ಆಡುವುದಿಲ್ಲ. ನಾನು ಹುಟ್ಟಿ ಬೆಳೆದ ಕಿತ್ತೂರಿನಲ್ಲಿ ವಾರ ಯಾವುದೆಂದು ತಿಳಿಯಲು ಪಂಚಾಂಗ ನೋಡಬೇಕಿರಲಿಲ್ಲ. ಬೀದಿಯಲ್ಲಿ ಗಾಲಿಯ ಸದ್ದಿಲ್ಲದಿದ್ದರೆ ಸೋಮವಾರ. ನಮ್ಮ ತಂದೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಬೆಳಗಿನ ಜಾವ ಎದ್ದು, ಸ್ನಾನ ಮಾಡಿ, ಹಿಂದಿನ ದಿನದ ಪಾಠ ಒಪ್ಪಿಸಿದ ಮೇಲೆಯೇ ನಮಗೆ ಹಾಲು. ಆ ಕ್ರಮ ನನಗೆ ರೈಲ್ವೆಯಲ್ಲಿ ಉಪಯೋಗಕ್ಕೆ ಬಂತು. ಹಳಿಯೂ ಹಾಗೆಯೇ. ಇವತ್ತಿನ ಪಾಠ ಇವತ್ತೇ ಒಪ್ಪಿಸಬೇಕು.

ಆ ತಿರುವಿನ ಪಾಠ ಮಾತ್ರ ವರ್ಷಗಳಿಂದ ಬಾಕಿ ಬಿದ್ದಿತ್ತು. ಯುದ್ಧದ ಕಾಲದಲ್ಲಿ ಭಾರದ ಗೂಡ್ಸ್ ಗಾಡಿಗಳು ಓಡಿ ಓಡಿ ಹಳಿ ಸವೆದಿತ್ತು. ಹಳಿಯ ಕೆಳಗೆ ಅಡ್ಡ ಹಾಸುವ ಮರದ ತೊಲೆಗಳು, ಅಂದರೆ ಸ್ಲೀಪರುಗಳು, ಮಳೆಗೆ ಕೊಳೆತಿದ್ದವು. ಅವನ್ನು ಬಿಗಿಯಾಗಿ ಹಿಡಿದಿರಬೇಕಾದ ಒಡೆದ ಕಲ್ಲು, ನಾವು ಖಡಿ ಎನ್ನುವುದು, ಕೆಸರಿನಲ್ಲಿ ಇಳಿದುಹೋಗಿತ್ತು. ಹೀಗಾಗಿ ತಿರುವಿನ ಎರಡೂ ತುದಿಗೆ ಸಾವಕಾಶ ಹೋಗಬೇಕೆಂಬ ಹಲಗೆ ನೆಟ್ಟಿದ್ದರು. ಪ್ಯಾಸೆಂಜರ್ ಗಾಡಿ ಅಲ್ಲಿಗೆ ಬಂದರೆ, ಎಂಜಿನ್ನಿನ ಪಕ್ಕದಲ್ಲಿ ನಡೆಯುತ್ತ ಡ್ರೈವರನ ಮನೆಯವರ ಯೋಗಕ್ಷೇಮ ವಿಚಾರಿಸಬಹುದಿತ್ತು. ಇಲ್ಲಿ ತಡವಾದ ಗಾಡಿಯನ್ನು ಮುಂದಿನ ಸ್ಟೇಶನ್ನಿನಲ್ಲಿ ಎದುರಿನ ಗೂಡ್ಸ್ ಗಾಡಿಗಾಗಿ ಮತ್ತೆ ನಿಲ್ಲಿಸುತ್ತಿದ್ದರು. ಧಾರವಾಡ ಮುಟ್ಟುವಷ್ಟರಲ್ಲಿ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಎಲ್ಲ ಕಡೆಯ ಕೊನೆಯ ಬಸ್ಸುಗಳೂ ಹೊರಟುಹೋಗಿರುತ್ತಿದ್ದವು.

ಇದು ನನ್ನ ಮನೆಗೆ ತಟ್ಟಿದ್ದು ತಂಗಿಯಿಂದ. ನನಗೆ ಒಬ್ಬಳೇ ತಂಗಿ. ಆಕೆಯನ್ನು ಬೈಲಹೊಂಗಲಕ್ಕೆ ಕೊಟ್ಟಿತ್ತು. ಗಂಡ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತ, ಮಿತಭಾಷಿ. ತಂಗಿ ಕನ್ನಡ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಮುಗಿಸಿ, ಶಿಕ್ಷಕಿಯ ತರಬೇತಿ ಪಡೆದು, ಲೋಂಡಾ ಕಡೆಯ ಒಂದು ಊರಿನ ಕನ್ನಡ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದಳು. ವಾರವಿಡೀ ಅಲ್ಲಿ ಇನ್ನೊಬ್ಬ ಶಿಕ್ಷಕಿಯ ಜೊತೆ ಇದ್ದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಪ್ಯಾಸೆಂಜರ್ ಹತ್ತುತ್ತಿದ್ದಳು. ರಾತ್ರಿ ಮನೆಯಲ್ಲಿ ಊಟ ಮಾಡಬೇಕಾದವಳು ಧಾರವಾಡ ಸ್ಟೇಶನ್ನಿನ ಹೆಂಗಸರ ಕೋಣೆಯಲ್ಲಿ ಮಲಗಿ, ಭಾನುವಾರ ಬೆಳಗಿನ ಬಸ್ಸಿಗೆ ದೊಡವಾಡದ ಮೇಲೆ ಹಾದು ಮನೆ ಸೇರುತ್ತಿದ್ದಳು. ಸಂಜೆಗೆ ಮತ್ತೆ ಹೊರಡುವ ತಯಾರಿ.

ಒಂದು ಶನಿವಾರ ನಾನೂ ಅದೇ ಗಾಡಿಯಲ್ಲಿದ್ದೆ. ಬಸ್ಸು ತಪ್ಪಿದವರು ಪ್ಲಾಟ್‌ಫಾರ್ಮಿನಲ್ಲಿ ಗಂಟು ಬಿಚ್ಚಿ ಕುಳಿತಿದ್ದರು. ಸೀರೆಯ ಗಂಟು ಹೊತ್ತ ರಾಮದುರ್ಗದ ನೇಕಾರರೊಬ್ಬರು ನನ್ನ ಟೋಪಿ ನೋಡಿ ರೈಲ್ವೆಯವನೆಂದು ಗುರುತು ಹಿಡಿದರು.

"ಬರ್ರಿ ಸಾಹೇಬ್ರ, ಕುಂದರ್ರಿ. ನಿಮ್ಮ ಮನೀನ ಇದು," ಎಂದರು. "ನಮ್ಮ ಸಂಸ್ಥಾನ ಹೋತು, ಸ್ವರಾಜ್ಯ ಬಂತು. ನಮ್ಮ ಬಸ್ಸಿಗೆ ಮಾತ್ರ ನಾವು ಬರೂತನಕ ನಿಂದ್ರೂ ತಾಳ್ಮಿ ಬರಲಿಲ್ಲ."

ಪಕ್ಕದಲ್ಲಿದ್ದ ಹೂಲಿಯ ರೈತ, "ಬಸ್ಸಿನ ತಪ್ಪಲ್ರಿ ಅದು. ಆ ತಿರುವಿನ್ಯಾಗ ನಾ ಇಳದು, ಬೀಡಿ ಹಚಗೊಂಡು, ಮತ್ತ ಹತ್ತೇನಿ ಇವತ್ತ," ಎಂದ.

"ಓಡೂ ಗಾಡಿ ಇಳಿಯೂದು ಕಾಯದೇ ಪ್ರಕಾರ ಗುನ್ಹೆ," ಎಂದೆ.

"ಓಡತಿದ್ರ ಗುನ್ಹೇರಿ," ಎಂದ.

ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಆದರೆ ಬೈಲಹೊಂಗಲದಲ್ಲಿ ಇದು ನಗುವ ಮಾತಾಗಿರಲಿಲ್ಲ. ಯುಗಾದಿಗೆ ಹೋದಾಗ ತಂಗಿಯ ಅತ್ತೆ ನನ್ನನ್ನು ಪಡಸಾಲೆಯಲ್ಲಿ ಕೂರಿಸಿದರು. ಅವರು ಗಟ್ಟಿ ಹೆಂಗಸು. ಸಣ್ಣ ವಯಸ್ಸಿನಲ್ಲೇ ವಿಧವೆಯಾಗಿ ಒಬ್ಬನೇ ಮಗನನ್ನು ಓದಿಸಿದವರು.

"ನೋಡಪಾ, ಸಾಲಿ ಕಲಸಬ್ಯಾಡ ಅಂತ ನಾ ಅಂದಿಲ್ಲ," ಎಂದರು. "ನಾಕ ಹುಡುಗ್ಯಾರು ನಾಕ ಅಕ್ಷರ ಕಲೀಲಿ. ಆದರ ಮನೀ ಸೊಸಿ ಟೇಶನ್ನಿನ್ಯಾಗ ಹಾಸಿಗಿ ಹಾಸೂದು ನನಗ ಸೇರೂದಿಲ್ಲ."

"ಹೆಂಗಸರ ಕೋಣಿ ಬ್ಯಾರೆ ಅದ, ಕಾಕು," ಎಂದೆ.

"ಕೋಣಿ ಇರಲಿ, ಅರಮನಿ ಇರಲಿ. ಶನಿವಾರ ರಾತ್ರಿ ನಾ ಅನ್ನ ಮುಚ್ಚಿಟ್ಟು ಹಾದಿ ಕಾಯ್ತೀನಿ. ಆಕಿ ಬರೂದಿಲ್ಲ. ಮುಂಜಾನೆ ಆ ಅನ್ನ ಆಕಳಿಗೆ ಹಾಕ್ತೀನಿ. ಆಕಳ ದಪ್ಪ ಆಗೇದ, ನಿನ್ನ ತಂಗಿ ಸಣ್ಣ ಆಗ್ಯಾಳ. ನಿಮ್ಮ ರೈಲಿಗಿಂತ ದೊಡವಾಡದ ಚಕ್ಕಡಿ ಲಗೂ ಬರ್ತಾವ." ದನಿ ಇಳಿಸಿ ಹೇಳಿದರು: "ಬ್ಯಾಸಗಿ ಸೂಟಿ ಮುಗದ ಮ್ಯಾಲೆ ಮೊದಲನೇ ಶನಿವಾರ ನೋಡ್ತೀನಿ. ಆ ರಾತ್ರಿ ಅನ್ನ ಉಳೀತಂದ್ರ ಆಕಿ ಮತ್ತ ಹೋಗೂದಿಲ್ಲ. ರಾಜೀನಾಮಾ ನಾನ ಬರಸ್ತೀನಿ."

ಅವರ ಮಾತು ಅವರಿಗೆ ಆಣೆಯಿದ್ದಂತೆ. ಅದು ನಮಗೆಲ್ಲ ಗೊತ್ತಿತ್ತು.

ಹೊರಡುವಾಗ ತಂಗಿ ಬಾಗಿಲವರೆಗೆ ಬಂದಳು. "ಅಣ್ಣಾ, ಆ ತಿರುವು ಯಾವಾಗ ನೆಟ್ಟಗ ಮಾಡ್ತೀ?" ಎಂದಳು.

"ತಿರುವು ನೆಟ್ಟಗ ಆಗೂದಿಲ್ಲವಾ. ಗಟ್ಟಿ ಆಗ್ತದ."

"ಹಂಗಾರ ಗಟ್ಟಿ ಮಾಡು," ಎಂದು ಒಳಗೆ ಹೋದಳು.

ಆ ಬೇಸಿಗೆಯಲ್ಲಿ ನನಗೆ ಬೇರೆ ವಿಚಾರವಿರಲಿಲ್ಲ. ಹಳಿ ಬದಲಿಸುವ ಮಂಜೂರಿ ಮೊದಲೇ ಆಗಿತ್ತು, ಸಾಮಾನೂ ಬಂದಿತ್ತು. ತೆಳುವಾದ ಹಳೆಯ ಹಳಿ ಕಿತ್ತು ದಪ್ಪ ಹಳಿ ಹಾಕಿದೆವು. ಕೊಳೆತ ಸ್ಲೀಪರು ತೆಗೆದು ಹೊಸವನ್ನು ತೂರಿಸಿದೆವು. ನೀರು ಹರಿದುಹೋಗಲು ಎರಡೂ ಬದಿಗೆ ಕಾಲುವೆ ತೋಡಿದೆವು. ಖಡಿ ಹೊರುವ ಗುತ್ತಿಗೆ ಹಿಡಿದವರು ದೇಗಾಂವ ಮತ್ತು ದೊಡವಾಡದ ರೈತರು. ಬೇಸಿಗೆಯಲ್ಲಿ ಹೊಲದಲ್ಲಿ ಕೆಲಸವಿಲ್ಲ. ಚಕ್ಕಡಿ, ಎತ್ತು, ರೊಟ್ಟಿಯ ಗಂಟು ಸಮೇತ ಬಂದು ಹಳ್ಳದ ದಂಡೆಯ ಮೇಲೆ ಬೀಡುಬಿಟ್ಟಿದ್ದರು. ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆ ಶುರುವಾಗುವ ಮೊದಲು ಊರಿಗೆ ಮರಳಿ ಬಿತ್ತನೆಗೆ ನಿಲ್ಲಬೇಕು ಎಂಬ ಒಪ್ಪಂದ.

ಕೊನೆಗೆ ಉಳಿದದ್ದು ತಿರುವಿನ ಕೊನೆಯ ತುಂಡು. ಅಲ್ಲಿ ಹೊರಬದಿಯ ಹಳಿಯನ್ನು ಎತ್ತರಿಸಿ, ಕೆಳಗೆ ಖಡಿ ತುಂಬಿ, ಹಳಿಯ ಹೊರಮಗ್ಗುಲಿಗೆ ಇನ್ನಷ್ಟು ಖಡಿ ಒಟ್ಟಬೇಕು. ಆ ಒತ್ತು ಇಲ್ಲದಿದ್ದರೆ ವೇಗದ ಗಾಡಿ ಹಳಿಯನ್ನೇ ಹೊರಗೆ ದೂಡುತ್ತದೆ. ಕೆಲಸ ಮಾಡಲು ಆ ಹೊತ್ತು ಯಾವ ಗಾಡಿಯೂ ಓಡದಂತೆ ಲೈನು ಬಂದ್ ಮಾಡಿಕೊಡಬೇಕು. ಅದನ್ನು ಮಂಜೂರು ಮಾಡುವವರು ಮೇಲಿನ ಎಂಜಿನಿಯರ್ ಸಾಹೇಬರು. ಹೊಸದಾಗಿ ಬಂದಿದ್ದರು, ದೂರದ ಪ್ರಾಂತದವರು, ಕೆಲಸದಲ್ಲಿ ಕಟ್ಟುನಿಟ್ಟು. ಶನಿವಾರ ಅವರ ತಂತಿ ಬಂತು: ಸೋಮವಾರ, ಬೆಳಗಿನ ಪ್ಯಾಸೆಂಜರ್ ಹೋದ ಮೇಲಿಂದ ಮಧ್ಯಾಹ್ನದ ಗೂಡ್ಸ್ ಬರುವವರೆಗೆ.

ನಾನು ಸ್ಟೇಶನ್ನಿಗೆ ಹೋಗಿ ಫೋನಿನಲ್ಲಿ ಮಂಗಳವಾರ ಕೇಳಿದೆ, ಆ ಒಂದು ದಿನ ಚಕ್ಕಡಿಯವರನ್ನು ಬೇಡಿಕೊಂಡು ನಿಲ್ಲಿಸಿಕೊಳ್ಳುವ ಲೆಕ್ಕದಲ್ಲಿ. ಎತ್ತಿನ ವಾರದ ಮಾತನ್ನೂ ಹೇಳಿದೆ. ಅವರು ಕೇಳಿಸಿಕೊಂಡರು, ನಗಲಿಲ್ಲ. ಸೋಮವಾರ ಗೂಡ್ಸ್ ಕಡಿಮೆ, ಅದಕ್ಕೇ ಆ ದಿನ. ಆಗದಿದ್ದರೆ ದಸರೆಯ ನಂತರ ನೋಡೋಣ ಎಂದರು. ಮಂಗಳವಾರ ಬೆಳಿಗ್ಗೆ ಚಕ್ಕಡಿಯವರು ಹೊರಡುವವರು. ಮಳೆ ಹಿಡಿದರೆ ಹಲಗೆ ಚಳಿಗಾಲದ ತನಕ ಅಲ್ಲೇ ನಿಲ್ಲುತ್ತದೆ. ಸೂಟಿ ಮುಗಿದು ಶಾಲೆ ಆ ಸೋಮವಾರವೇ ತೆರೆಯುತ್ತಿತ್ತು, ಹೀಗಾಗಿ ತಂಗಿಯ ಗಡುವು ಅದೇ ವಾರದ ಶನಿವಾರ. ಸೋಮವಾರವೇ ಆಗಲಿ ಎಂದು ಫೋನು ಇಟ್ಟೆ.

ಭಾನುವಾರ ಚಕ್ಕಡಿಗಳನ್ನೆಲ್ಲ ತುಂಬಿ ಕತ್ತಲಾಗುವ ಮೊದಲು ತಿರುವಿಗೆ ಮುಟ್ಟಿಸಿಬಿಡುವ ಯೋಜನೆ ಹಾಕಿದ್ದೆ. ತುಂಬಿದ್ದೂ ಆಯಿತು. ಸಂಜೆ ದೊಡ್ಡದೊಂದು ಅಡ್ಡಮಳೆ ಬಂದು ಹಳ್ಳದ ದಾರಿ ಕೆಸರಾಯಿತು. ಮೊದಲನೆಯ ಚಕ್ಕಡಿಯ ಗಾಲಿ ನಡುವಿನ ಗುಂಬದವರೆಗೆ ಹೂತುಹೋಯಿತು. ಎತ್ತುಗಳು ಮಂಡಿಯೂರಿದವು. ಅಲ್ಲಿಗೇ ನಿಲ್ಲಿಸಿದೆವು.

ಹೀಗೆ ಸೋಮವಾರ ಬೆಳಗಿನ ಆರು ಗಂಟೆಗೆ ಖಡಿ ಹಳ್ಳದ ಆಚೆ, ಹಳಿ ಈಚೆ. ನಡುವೆ ಕೂಗಿದರೆ ಕೇಳುವಷ್ಟು ದೂರ. ಎತ್ತುಗಳ ಮೈ ತೊಳೆದು ಹಣೆಗೆ ವಿಭೂತಿ ಹಚ್ಚಿದ್ದರು. ಅವು ದಂಡೆಯ ಮೇಲೆ ಜೋಳದ ಕಣಿಕೆ ಜಗಿಯುತ್ತಿದ್ದವು.

"ತಂತಿ ಹೊಡದವ್ರ ಊರಾಗ ಎತ್ತಿಗೆ ಸೂಟಿ ಇಲ್ಲೇನ್ರಿ?" ಎಂದು ಮುಕಾದಮ ಕೇಳಿದ.

"ಇಲ್ಲ ಕಾಣಸ್ತದ."

"ಹಂಗಾರ ಆ ಊರಾಗ ಎತ್ತಾಗಿ ಹುಟ್ಟಬಾರದ್ರಿ."

ಬುಟ್ಟಿಯಲ್ಲಿ ಹೊತ್ತರೆ ಅಷ್ಟು ಖಡಿ ಎರಡು ದಿನಕ್ಕೂ ಮುಗಿಯುತ್ತಿರಲಿಲ್ಲ. ನಾನು ಚಕ್ಕಡಿಯವರ ಹಿರಿಯನ ಹತ್ತಿರ ಹೋದೆ. ಆತ ದೇಗಾಂವದವನು. ಬಿಳಿ ಮೀಸೆ, ಮಾತು ಕಡಿಮೆ.

"ಎತ್ತು ಕೇಳಾಕ ಬಂದಿಲ್ಲ," ಎಂದೆ. "ಚಕ್ಕಡಿ ಕೇಳಾಕ ಬಂದೇನಿ. ಬಸವಣ್ಣಗ ಇವತ್ತ ವಾರ ಐತಿ. ನನಗ, ನನ್ನ ಆಳಿಗೆ ಇಲ್ಲ. ನೊಗ ನಾವು ಹೊರತೇವಿ."

ಆತ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಬೇರೆ ರೈತರು ಸುತ್ತ ಸೇರಿದರು. ಚಕ್ಕಡಿ ಉರುಳುವುದೇ ತಪ್ಪೋ, ಎತ್ತು ಎಳೆಯುವುದು ತಪ್ಪೋ ಎಂದು ಅವರೊಳಗೆ ಮಾತು ನಡೆಯಿತು. ದೊಡವಾಡದ ಒಬ್ಬ, ನೊಗ ಎಂದರೆ ಎತ್ತಿನ ಹೆಗಲಿನದು, ಅದನ್ನು ಮುಟ್ಟುವುದೂ ಬೇಡ ಎಂದ. ಇನ್ನೊಬ್ಬ, ಹೆರಿಗೆ ನೋವು ಬಂದವಳನ್ನು ಸೋಮವಾರ ಚಕ್ಕಡಿಯಲ್ಲಿ ಮಲಗಿಸಿ ತಾವೇ ಎಳೆದು ಒಯ್ದದ್ದುಂಟು ಎಂದ. ಇದು ಅವರು ತೀರ್ಮಾನಿಸಬೇಕಾದ ಮಾತು.

ಕೊನೆಗೆ ಹಿರಿಯ, "ವಾರ ಎತ್ತಿಂದ್ರಿ, ಮರದ್ದಲ್ಲ," ಎಂದ. "ಎಳೀರಿ. ಆದರ ನಾಳೆ ಸೂರ್ಯ ಹುಟ್ಟೂದ್ರಾಗ ಚಕ್ಕಡಿ ಖಾಲಿ ಆಗಿ, ಹಳ್ಳದ ಆಚಿ ದಂಡಿಗೆ, ನಮ್ಮ ಊರಿನ ಕಡೆ ಮಾರಿ ಮಾಡಿ ನಿಂತಿರಬೇಕು. ಮಿರಗ ನಮಗಾಗಿ ಕಾಯಂಗಿಲ್ಲ."

ಒಪ್ಪಿದೆ. ಕೆಸರಿನ ದಾರಿ ಮೊದಲು ಗಟ್ಟಿಯಾಗಬೇಕಿತ್ತು. ತಿರುವಿನಿಂದ ಕಿತ್ತ ಹಳೆಯ ಸ್ಲೀಪರುಗಳ ರಾಶಿ ಅಲ್ಲೇ ಇತ್ತು. ರೈಲಿಗೆ ಕೆಲಸಕ್ಕೆ ಬಾರದಿದ್ದರೂ ಚಕ್ಕಡಿಗೆ ಸಾಕು. ಗ್ಯಾಂಗಿನವರು ಹಳ್ಳದುದ್ದಕ್ಕೂ ಅವನ್ನು ಅಡ್ಡಡ್ಡ ಹಾಸಿದರು, ಹಳಿ ಹಾಸುವ ಹಾಗೆಯೇ, ಒತ್ತೊತ್ತಾಗಿ. ಬೆಳಗಿನ ಪ್ಯಾಸೆಂಜರ್ ತಿರುವಿನಲ್ಲಿ ತೆವಳುತ್ತ ಹೋಗುವಷ್ಟರಲ್ಲಿ ಮರದ ದಾರಿ ಮುಗಿದಿತ್ತು. ಕಿಟಕಿಯಿಂದ ಜನ ಬಗ್ಗಿ ನೋಡಿದರು.

ಮೊದಲನೆಯ ನೊಗಕ್ಕೆ ನಾನೂ ಮುಕಾದಮನೂ ಹೆಗಲು ಕೊಟ್ಟೆವು. ಎತ್ತಿನ ಬೆವರು ಕುಡಿದು ಆ ಮರ ಕಪ್ಪಗೆ ನುಣುಪಾಗಿತ್ತು. ಉಳಿದವರು ಗಾಲಿಯ ಅರಗಳನ್ನು ಹಿಡಿದರು. ಮುಕಾದಮ ಆರಡಿ ಆಳು. ನಾನು ಅವನ ಭುಜದವರೆಗೆ. ನೊಗ ನನ್ನ ಕಡೆಗೆ ವಾಲಿತು.

"ಈ ಜೋಡಿ ಕೂಡಂಗಿಲ್ಲ," ಎಂದ ಹಿರಿಯ. "ಪ್ಯಾಟ್ಯಾಗ ನಿಂದ್ರಸಿದ್ರ ಯಾರೂ ಹಲ್ಲ ಸೈತ ನೋಡಂಗಿಲ್ಲ. ಸಾಹೇಬ್ರ, ನೀವು ಹಿಂದ ಹೋಗಿ ದಬ್ಬರಿ."

ನಾನು ಹಿಂದೆ ಹೋದೆ. ನನ್ನ ಜಾಗಕ್ಕೆ ದೊಡವಾಡದವನೇ ಬಂದ, ಮುಟ್ಟಬಾರದೆಂದು ವಾದಿಸಿದವನು. ಮುಕಾದಮನಷ್ಟೇ ಎತ್ತರ. "ನನ್ನ ಚಕ್ಕಡಿ ಮಂದಿ ಕೈಯಾಗ ಮುರಿಯೂದು ಬ್ಯಾಡ್ರಿ," ಎಂದಷ್ಟೇ ಹೇಳಿದ. ಅವನನ್ನು ನೋಡಿ ಉಳಿದ ರೈತರೂ ಒಬ್ಬೊಬ್ಬರಾಗಿ ಬಂದರು.

ಒಬ್ಬ ತರುಣ ರೈತ ಚಕ್ಕಡಿ ಏರಿ ನಿಂತು ಬಾರುಕೋಲು ಬೀಸಿದ. "ಹೋ ಹೋ, ಬಲಗಡೆ ಎತ್ತು ಮೈಗಳ್ಳ ಐತಿ. ರೇಲ್ವೆದಾಗ ತಿಂದು ಕೊಬ್ಬೈತಿ."

"ಇಳಿ ಕೆಳಗ," ಎಂದ ಮುಕಾದಮ ಏದುತ್ತ. "ನಿನ್ನ ಭಾರಾನೂ ನಾವ ಎಳೀಬೇಕೇನು?"

"ಎತ್ತು ಮಾತಾಡಬಾರದು," ಎಂದು ಅವನು ಇಳಿದು ಗಾಲಿಗೆ ಕೈ ಹಚ್ಚಿದ.

ಎರಡನೆಯ ಚಕ್ಕಡಿ ಹಳ್ಳದ ನಡುವೆ ಸ್ಲೀಪರಿನಿಂದ ಜಾರಿ ಪಕ್ಕಕ್ಕೆ ಮಗುಚಿತು. ಯಾರಿಗೂ ಪೆಟ್ಟಾಗಲಿಲ್ಲ. ಖಡಿಯನ್ನು ಬುಟ್ಟಿಯಲ್ಲಿ ಬಳಿದು ಮತ್ತೆ ತುಂಬಿದೆವು. ಅದರ ನಂತರ ಪ್ರತಿ ಗಾಲಿಯ ಮುಂದೆ ಒಬ್ಬನನ್ನು ನಿಲ್ಲಿಸಿ, ಅವನು ಹೇಳಿದ ಹೊರತು ಒಂದು ಗೇಣೂ ಕದಲಬಾರದೆಂದು ಆಜ್ಞೆ ಮಾಡಿದೆ. ಉಳಿದವು ಒಂದೂ ಜಾರಲಿಲ್ಲ. ದಂಡೆಯ ಮೇಲಿನ ಎತ್ತುಗಳು ಮೆಲುಕು ಹಾಕುತ್ತ ನಮ್ಮನ್ನು ನೋಡುತ್ತಿದ್ದವು.

ತಿರುವಿನಲ್ಲಿ ಕೆಲಸ ನನಗೆ ಬೇಕಾದಂತೆ ನಡೆಯಿತು. ಚಕ್ಕಡಿ ಬಂದಂತೆ ಖಡಿ ಸುರಿಯುವುದು, ಜಾಕಿಯಿಂದ ಹಳಿ ಎತ್ತುವುದು, ಸ್ಲೀಪರಿನ ಕೆಳಗೆ ಖಡಿ ಬಡಿದು ತುಂಬುವುದು. ಗ್ಯಾಂಗಿನವರ ಹೈಸಾ ಕೂಗಿಗೆ ರೈತರೂ ದನಿಗೂಡಿಸಿದರು. ನಾನು ಎರಡೂ ಹಳಿಗಳ ಮೇಲೆ ಅಡ್ಡಗೋಲಿನ ಮಟ್ಟ ಇಟ್ಟು ಪ್ರತಿ ಜಾಗದಲ್ಲೂ ಹೊರಹಳಿಯ ಎತ್ತರ ನೋಡಿದೆ. ಒಂದು ಕಡೆ ಕೂದಲೆಳೆಯಷ್ಟು ಕಡಿಮೆ ಕಂಡಿತು. ಬಿಚ್ಚಿಸಿ ಮತ್ತೆ ಬಡಿಸಿದೆ. ಮುಕಾದಮ ಗೊಣಗಿದ, ಬಡಿದ.

ಗೂಡ್ಸ್ ಬರುವ ಮುಂಚೆ ಎಂಜಿನಿಯರ್ ಸಾಹೇಬರ ಟ್ರಾಲಿ ಬಂತು. ಅವರು ಇಳಿದವರೇ ನೊಗದ ಕೆಳಗಿದ್ದ ಆಳುಗಳನ್ನು ನೋಡಿದರು.

"ಎತ್ತುಗಳು?" ಎಂದರು.

"ವಾರದ ರಜೆಯ ಮೇಲಿವೆ, ಸರ್."

ಅವರು ದಂಡೆಯ ಕಡೆ ನೋಡಿದರು. ಆಮೇಲೆ ನನ್ನ ಕೈಯಿಂದ ಮಟ್ಟ ತೆಗೆದುಕೊಂಡು ತಿರುವಿನ ಈ ತುದಿಯಿಂದ ಆ ತುದಿಯವರೆಗೆ ತಾವೇ ಪರೀಕ್ಷೆ ಮಾಡಿದರು. ಗೂಡ್ಸ್ ಬಂದು ನಿಧಾನವಾಗಿ ದಾಟಿತು. ಹೊಸ ಹಳಿ ಕುಸಿಯಲಿಲ್ಲ, ಸರಿಯಲಿಲ್ಲ. ಖಡಿ ಮಾತ್ರ ಕರಕರ ಎಂದು ತನ್ನ ಜಾಗಕ್ಕೆ ಕೂತಿತು.

"ವಾರವಿಡೀ ಗಾಡಿಗಳು ಓಡಿ ಗಟ್ಟಿಯಾಗಲಿ," ಎಂದರು ಸಾಹೇಬರು. "ದಿನಾ ನೋಡುತ್ತಿರಿ. ಹಳಿ ಹೀಗೇ ನಿಂತರೆ ಶನಿವಾರ ಸಂಜೆ ಹಲಗೆ ಕೀಳಿರಿ."

"ಶನಿವಾರ ಬೆಳಿಗ್ಗೆ ಕೊಡಿ, ಸರ್."

"ಬೆಳಿಗ್ಗೆ ಏಕೆ?"

"ಮಧ್ಯಾಹ್ನದ ಪ್ಯಾಸೆಂಜರ್‌ನಲ್ಲಿ ಬೈಲಹೊಂಗಲ ಬಸ್ಸು ಹಿಡಿಯುವವರು ಇರುತ್ತಾರೆ. ಸವದತ್ತಿ, ರಾಮದುರ್ಗದವರೂ ಇರುತ್ತಾರೆ."

"ಮಳೆ ಬಂದರೆ?"

"ಮಳೆ ಬಂದರೆ ರಾತ್ರಿಯೂ ಇಲ್ಲೇ ಇರುತ್ತೇನೆ. ಒಂದು ಸ್ಲೀಪರು ಅಲುಗಿದರೂ ಹಲಗೆ ಕೀಳುವುದಿಲ್ಲ."

ಅವರು ಮಟ್ಟವನ್ನು ನನಗೆ ಮರಳಿ ಕೊಟ್ಟರು. "ಬೆಳಿಗ್ಗೆ," ಎಂದು ಟ್ರಾಲಿ ಏರಿದರು.

ಮಧ್ಯಾಹ್ನದ ಪ್ಯಾಸೆಂಜರ್ ಧಾರವಾಡದ ಕಡೆಗೆ ಹೋಗುವಾಗ ತಿರುವಿನಲ್ಲಿ ಎಂದಿನಂತೆ ನಡೆಯುವ ವೇಗಕ್ಕೆ ಇಳಿಯಿತು. ನಾನು ಒಂದು ಕಾರ್ಡು ಬರೆದು ಇಟ್ಟುಕೊಂಡಿದ್ದೆ. ಗಾರ್ಡಿನ ಡಬ್ಬಿಯ ಪಕ್ಕ ನಡೆಯುತ್ತ ಅದನ್ನು ಅವರ ಕೈಗೆ ಕೊಟ್ಟು ಧಾರವಾಡದಲ್ಲಿ ಪೋಸ್ಟಿಗೆ ಹಾಕಿರಿ ಎಂದೆ. ಹಾಗೆ ನಡೆಯುತ್ತ ಕೊಡಲು ಸಾಧ್ಯವಾಗುವುದು ಆ ವಾರವೇ ಕೊನೆ ಎಂದೂ ಹೇಳಿದೆ. ಗಾರ್ಡು ನಕ್ಕರು. ಕಾರ್ಡು ಬೈಲಹೊಂಗಲಕ್ಕೆ, ತಂಗಿಯ ಅತ್ತೆಗೆ. ಅದರಲ್ಲಿ ಬರೆದದ್ದು ಇಷ್ಟೇ: ಶನಿವಾರ ರಾತ್ರಿ ಅನ್ನ ಬಿಸಿಯಾಗಿರಲಿ, ಆಕಳಿಗೆ ಬೇರೆ ಏನಾದರೂ ಹಾಕಿರಿ.

ಅದಕ್ಕೆ ಉತ್ತರ ಬಂದದ್ದು ಮಳೆಗಾಲದ ನಡುವೆ, ನಾಲ್ಕಾರು ಶನಿವಾರಗಳು ಕಳೆದ ಮೇಲೆ, ತಂಗಿಯ ಗಂಡನ ಅಕ್ಷರದಲ್ಲಿ, ಅವಳ ಅತ್ತೆಯ ಮಾತಿನಲ್ಲಿ: ಆಕಳ ಸಣ್ಣ ಆಗೇದ.

ಆದರೆ ಆ ಸೋಮವಾರ ಇನ್ನೊಂದು ಕೆಲಸ ಉಳಿದಿತ್ತು. ಮಾತು ಕೊಟ್ಟಿದ್ದೆ. ಖಾಲಿ ಚಕ್ಕಡಿಗಳನ್ನು ಒಂದೊಂದಾಗಿ ಮರದ ದಾರಿಯ ಮೇಲೆ ಹಿಂದಕ್ಕೆ ಎಳೆದೆವು. ಆಚೆ ದಂಡೆಯಲ್ಲಿ ಸಾಲಾಗಿ ನಿಲ್ಲಿಸಿ ದೇಗಾಂವ, ದೊಡವಾಡಗಳ ಕಡೆಗೆ ಮುಖ ಮಾಡಿದೆವು. ಕೆಸರು ಹತ್ತಿದ ನೊಗಗಳನ್ನು ಹಳ್ಳದ ನೀರಿನಲ್ಲಿ ತೊಳೆದು ಒರೆಸಿ ಇಟ್ಟೆವು. ಹಿರಿಯ ಬಂದು ಒಂದೊಂದನ್ನೂ ಕೈಯಿಂದ ಸವರಿ ನೋಡಿದ, ಸರಿ ಎಂದು ತಲೆ ಆಡಿಸಿದ. ನಾವು ಹಳಿಯ ಕಡೆಗೆ ಹೊರಟೆವು.